ರೆಪೊ ದರಕ್ಕೆ ಕಟ್ಟಿದ ಮನೆಸಾಲ: ಅಡಿಕೆ ದುಡ್ಡಿನ ಸೀಮೆಗೆ ಇದು ಎಷ್ಟು ಹೊಂದುತ್ತದೆ?

2021ರ ಆರಂಭದಲ್ಲಿ ಶೇ 6.65 ಬಡ್ಡಿಗೆ, 20 ವರ್ಷದ ಅವಧಿಗೆ 30 ಲಕ್ಷ ರೂಪಾಯಿ ಮನೆಸಾಲ ತೆಗೆದುಕೊಂಡವರ ತಿಂಗಳ ಕಂತು 22,633 ರೂಪಾಯಿ. ಎರಡು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ ಮೇಲೆ ಅಸಲು ಸುಮಾರು 29 ಲಕ್ಷಕ್ಕೆ ಇಳಿದಿರುತ್ತದೆ. ಆದರೆ ಅಷ್ಟು ಹೊತ್ತಿಗೆ, ಅಂದರೆ 2023ರ ಫೆಬ್ರುವರಿಯ ಹೊತ್ತಿಗೆ, ಬಡ್ಡಿ ಶೇ 9.15 ಆಗಿತ್ತು. 29 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 22,113 ರೂಪಾಯಿ. ಹಳೆಯ ಕಂತನ್ನೇ ಕಟ್ಟುತ್ತ ಹೋದರೆ ಅಸಲಿಗೆ ಸೇರುವುದು 520 ರೂಪಾಯಿ ಮಾತ್ರ, ಸಾಲ ತೀರಲು ಇನ್ನೂ 41 ವರ್ಷ. 18 ವರ್ಷದಲ್ಲೇ ತೀರಿಸಬೇಕು ಎಂದರೆ ಕಂತು 27,429 ರೂಪಾಯಿಗೆ ಏರಬೇಕು. ಶಿವಮೊಗ್ಗದ ವಿನೋಬನಗರದ ಮನೆಯಾದರೂ ತೀರ್ಥಹಳ್ಳಿಯ ಮನೆಯಾದರೂ ಈ ಲೆಕ್ಕ ಒಂದೇ.

ಇಷ್ಟಾದರೂ, ಬ್ಯಾಂಕುಗಳು ಇಂದು ಕೊಡುವ ಮನೆಸಾಲಗಳಲ್ಲಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕಿನ ಬಡ್ಡಿ ದರಕ್ಕೆ) ಜೋಡಿಸಿದ ಸಾಲವೇ ಮಲೆನಾಡಿನ ಹೆಚ್ಚಿನವರಿಗೆ ಒಳ್ಳೆಯದು ಎನ್ನುವುದು ಈ ವಿಮರ್ಶೆಯ ಅಭಿಪ್ರಾಯ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಉಳಿದ ಒಂದೂವರೆ ಹೋಗುವುದು ಸಾಲದ ರಚನೆಯ ದೋಷಕ್ಕಲ್ಲ. ಈ ಸಾಲದ ಬಡ್ಡಿ ಏರುವುದು ಇಳಿಯುವುದು ದೇಶದ ಹಣದುಬ್ಬರ ನೋಡಿಕೊಂಡು; ನಮ್ಮ ಆದಾಯ ಏರುವುದು ಇಳಿಯುವುದು ರಾಶಿ ಎಂಬ ದರ್ಜೆಯ ಅಡಿಕೆಯ ಧಾರಣೆ ನೋಡಿಕೊಂಡು. ಇವೆರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನುವುದನ್ನು ಸಾಲ ಕೊಡುವಾಗ ಯಾರೂ ಹೇಳುವುದಿಲ್ಲ.

ಮೊದಲು ಸಾಲದ ರಚನೆ. 2019ರ ಅಕ್ಟೋಬರ್ 1ರಿಂದ ವಾಣಿಜ್ಯ ಬ್ಯಾಂಕುಗಳು ಹೊಸ ಬದಲಾಗುವ ಬಡ್ಡಿಯ ಮನೆಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ ಜೋಡಿಸಲೇಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಹೆಚ್ಚಿನವು ಆರಿಸಿಕೊಂಡದ್ದು ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಸಾಲ ಕೊಡುವ ಬಡ್ಡಿ. ಅದರ ಮೇಲೆ ಬ್ಯಾಂಕು ತನ್ನ ಪಾಲು ಸೇರಿಸುತ್ತದೆ. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ರೆಪೊ 4, ಸ್ಪ್ರೆಡ್ 2.65, ಒಟ್ಟು 6.65. ಇದಕ್ಕೂ ಹಿಂದಿನ ಎಂಸಿಎಲ್‌ಆರ್ ಪದ್ಧತಿಯಲ್ಲಿ ಬ್ಯಾಂಕಿನ ಠೇವಣಿ ವೆಚ್ಚವೇ ಲೆಕ್ಕದ ಬುಡ. ರೆಪೊ ಇಳಿದರೂ ಬ್ಯಾಂಕುಗಳು ಠೇವಣಿಯ ಬಡ್ಡಿಯನ್ನು ನಿಧಾನವಾಗಿ ಇಳಿಸುತ್ತಿದ್ದುದರಿಂದ ಸಾಲದ ಬಡ್ಡಿ ಇಳಿಯಲು ವರ್ಷವೇ ಹಿಡಿಯುತ್ತಿತ್ತು. ಈಗ ಮೂರು ತಿಂಗಳಿಗೆ ಒಮ್ಮೆಯಾದರೂ ದರ ಪರಿಷ್ಕರಣೆ ಆಗಲೇಬೇಕು. ಆಗುಂಬೆಯಲ್ಲಿ ಸುರಿದ ಮಳೆ ಅಣೆಕಟ್ಟಿನ ಮಟ್ಟದಲ್ಲಿ ಕಾಣಿಸಲು ಸ್ವಲ್ಪ ಹೊತ್ತು ಬೇಕಲ್ಲ, ಹಾಗೆಯೇ ಇದೂ; ಆದರೆ ನಡುವಿನ ಕಾಲುವೆ ಮೊದಲಿಗಿಂತ ಚೊಕ್ಕಟವಾಗಿದೆ.

ಒಂದು ಎಚ್ಚರಿಕೆ. ಈ ಕಡ್ಡಾಯ ಎಲ್ಲ ಸಂಸ್ಥೆಗಳಿಗೂ ಇಲ್ಲ. ಗೃಹಸಾಲ ಕಂಪನಿಗಳು, ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು ಇದರ ಹೊರಗಿವೆ. ಅವು ತಮ್ಮದೇ ಮೂಲದರ ಇಟ್ಟುಕೊಳ್ಳಬಹುದು. ಹಾಗಾಗಿ ‘ಬದಲಾಗುವ ಬಡ್ಡಿ’ ಎಂದಷ್ಟೇ ಕೇಳಿ ಸಹಿ ಹಾಕಬೇಡಿ, ‘ಯಾವುದಕ್ಕೆ ಜೋಡಿಸಿದ್ದೀರಿ, ಪರಿಷ್ಕರಣೆ ಯಾವ ತಿಂಗಳ ಯಾವ ತಾರೀಕು’ ಎಂದು ಕೇಳಿ. 2024ರ ಅಕ್ಟೋಬರ್ 1ರಿಂದ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯಾಂಶಗಳ ಪತ್ರವೊಂದನ್ನು ಕೊಡುವುದು ಕಡ್ಡಾಯ. ಅದನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸಬೇಕಾದದ್ದು ಆ ಅಂಕಿಯಲ್ಲಿ, ಫಲಕದ ಮೇಲೆ ದಪ್ಪಗೆ ಬರೆದ ಬಡ್ಡಿಯಲ್ಲಲ್ಲ.

ಈಗ ಬಡ್ಡಿಯನ್ನು ಏರಿಸುವ ಇಳಿಸುವ ಶಕ್ತಿಗಳ ವಿಚಾರ. ರೆಪೊ ದರ ನಿರ್ಧರಿಸುವುದು ಆರು ಜನರ ಹಣಕಾಸು ನೀತಿ ಸಮಿತಿ. ಗ್ರಾಹಕ ಬೆಲೆ ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ 6, ಕಡಿಮೆಯೆಂದರೆ 2ರೊಳಗೆ ಇಡುವುದು ಅದರ ಹೊಣೆ. ಕೋವಿಡ್ ಕಾಲದಲ್ಲಿ ಬೇಡಿಕೆಯೇ ಕುಸಿದಾಗ 2020ರ ಮೇ ತಿಂಗಳಲ್ಲಿ ರೆಪೊ ಶೇ 4ಕ್ಕೆ ಬಂತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ, ಅಡುಗೆ ಎಣ್ಣೆ, ಗೊಬ್ಬರ ಎಲ್ಲವೂ ಏರಿ, ಏಪ್ರಿಲ್‌ನ ಹಣದುಬ್ಬರ ಶೇ 7.79 ಮುಟ್ಟಿತು. ಅಮೆರಿಕದ ಫೆಡರಲ್ ರಿಸರ್ವ್ ಕೂಡ ಆಗಲೇ ಬಡ್ಡಿ ಏರಿಸಲು ಶುರು ಮಾಡಿತ್ತು. ಅಲ್ಲಿ ಬಡ್ಡಿ ಏರಿದರೆ ಡಾಲರು ಇಲ್ಲಿಂದ ಹೊರಡುತ್ತದೆ, ರೂಪಾಯಿ ಇಳಿಯುತ್ತದೆ, ಆಮದು ಇನ್ನಷ್ಟು ತುಟ್ಟಿಯಾಗುತ್ತದೆ. 2022ರ ಮೇ 4ರಂದು, ನಿಗದಿತ ಸಭೆಯ ದಿನವೇ ಅಲ್ಲದ ದಿನ, ರೆಪೊ 4.40ಕ್ಕೆ ಏರಿತು. ಅಲ್ಲಿಂದ 2023ರ ಫೆಬ್ರುವರಿ 8ರ ಹೊತ್ತಿಗೆ 6.50. ಒಂಬತ್ತು ತಿಂಗಳಲ್ಲಿ ಎರಡೂವರೆ ಶೇಕಡಾ ಅಂಶ. ಎರಡು ವರ್ಷ ಅಲ್ಲೇ ನಿಂತು, 2025ರ ಫೆಬ್ರುವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.50, ಡಿಸೆಂಬರ್ 5ರಂದು 5.25 ಎಂದು ಇಳಿಯಿತು. ಮುಂದಿನ ಲೆಕ್ಕಗಳೆಲ್ಲ ಈ 5.25ರ ಮೇಲೆ, ಸ್ಪ್ರೆಡ್ 2.65 ಎಂದು ಇಟ್ಟುಕೊಂಡು ಮಾಡಿದವು.

ತೋಟದವರು ಗಮನಿಸಬೇಕಾದ ಒಂದು ಸಂಗತಿ ಇದೆ. ರೂಪಾಯಿ ಕುಸಿದಾಗ ಏರುವುದು ಕಂತೊಂದೇ ಅಲ್ಲ. ಪೊಟ್ಯಾಷ್ ಗೊಬ್ಬರ ಬಹುಮಟ್ಟಿಗೆ ಆಮದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತದ ಬೆಲೆ ಅಂತಾರಾಷ್ಟ್ರೀಯ ತಾಮ್ರದ ಬೆಲೆಯ ಹಿಂದೆಯೇ ನಡೆಯುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎನ್ನುವ ಅಳತೆ ಬದಲಾಗುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಿಡುವುದೂ ಇಲ್ಲ. ಹಾಗಾಗಿ ಬಡ್ಡಿ ಏರುವ ಕಾಲ ಎಂದರೆ ಸಾಮಾನ್ಯವಾಗಿ ತೋಟದ ಖರ್ಚೂ ಏರುವ ಕಾಲ. ಸಾಲದ ಮೊತ್ತ ತೀರ್ಮಾನಿಸುವಾಗ ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡಿ.

ಹಣದುಬ್ಬರ ಏರಿದ ಪ್ರತಿ ಸುದ್ದಿಗೂ ಕಂತು ಏರುತ್ತದೆಂದು ಗಾಬರಿಯಾಗಬೇಕಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ಬೆಲೆಯಿಂದಾಗಿ ಹಣದುಬ್ಬರ ಶೇ 7.44 ಆಯಿತು. ಸಮಿತಿ ರೆಪೊ ಮುಟ್ಟಲಿಲ್ಲ. ತರಕಾರಿ ಬೆಲೆ ಮುಂದಿನ ಬೆಳೆ ಬಂದಾಗ ತಾನಾಗಿ ಇಳಿಯುತ್ತದೆ, ಬಡ್ಡಿ ಏರಿಸಿ ಟೊಮೆಟೊ ಬೆಳೆಯಲು ಬರುವುದಿಲ್ಲ. ನೋಡಬೇಕಾದದ್ದು ತೈಲದ ಬೆಲೆ, ರೂಪಾಯಿಯ ಬೆಲೆ, ಮತ್ತು ಆಹಾರ ಇಂಧನ ಬಿಟ್ಟ ಉಳಿದ ವಸ್ತುಗಳ ಹಣದುಬ್ಬರ. ಈ ಮೂರೂ ಒಟ್ಟಿಗೆ ಹದಗೆಟ್ಟರೆ ಎರಡು ಮೂರು ಸಭೆಗಳೊಳಗೆ ದರ ಏರುವ ಸಾಧ್ಯತೆ ಹೆಚ್ಚು.

ಅಡಿಕೆ? 2012ರ ಮೂಲ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಕ್ಕೆ ಶೇ 45.86ರಷ್ಟು ತೂಕವಿತ್ತು. ಪಾನ್, ತಂಬಾಕು, ಮಾದಕ ಪದಾರ್ಥ ಎಲ್ಲ ಸೇರಿ ಶೇ 2.38. ಅದರೊಳಗೆ ಅಡಿಕೆ ಒಂದು ಸಣ್ಣ ಚೂರು. ರಾಶಿಯ ಧಾರಣೆ ಕ್ವಿಂಟಲ್‌ಗೆ ಹತ್ತು ಸಾವಿರ ಬಿದ್ದು ಇಡೀ ಜಿಲ್ಲೆಯ ವ್ಯಾಪಾರ ತಣ್ಣಗಾದರೂ ರೆಪೊ ದರಕ್ಕೆ ಅದು ತಿಳಿಯುವುದೇ ಇಲ್ಲ. ಧಾರಣೆ ನಿಂತಿರುವುದು ಬೇರೆ ನೀತಿಗಳ ಮೇಲೆ: ಶೇ 100ರ ಆಮದು ಸುಂಕ, 2023ರ ಫೆಬ್ರುವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ ಕನಿಷ್ಠ ಆಮದು ಬೆಲೆ, ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಕೊಟ್ಟ ವಿನಾಯಿತಿ, ಪಾನ್ ಮಸಾಲದ ಮೇಲಿನ ತೆರಿಗೆ, ಗಡಿಯಲ್ಲಿ ಕಳ್ಳಸಾಗಣೆ ಎಷ್ಟು ಬಿಗಿಯಾಗಿ ತಡೆದರು ಎನ್ನುವುದು. ಕನಿಷ್ಠ ಆಮದು ಬೆಲೆಯನ್ನು ಬೆಂಬಲ ಬೆಲೆ ಎಂದು ತಿಳಿದವರು ಬಹಳ ಮಂದಿ. ಅದು ಹಾಗಲ್ಲ. 351 ರೂಪಾಯಿಗಿಂತ ಕಡಿಮೆಗೆ ಹೊರಗಿನ ಅಡಿಕೆ ಒಳಗೆ ಬರಬಾರದು ಎಂದಷ್ಟೇ ಅದರ ಅರ್ಥ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಷ್ಟಕ್ಕಾದರೂ ಕೊಳ್ಳುತ್ತೇವೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಆದ್ದರಿಂದ ಕಂತನ್ನು ರೂಪಾಯಿಯಲ್ಲಿ ಅಳೆಯುವುದರ ಜೊತೆಗೆ ಕ್ವಿಂಟಲ್‌ನಲ್ಲೂ ಅಳೆಯಿರಿ. 30 ಲಕ್ಷ, 20 ವರ್ಷ, ಶೇ 7.90 ಎಂದರೆ ಕಂತು 24,907, ವರ್ಷಕ್ಕೆ 2,98,884 ರೂಪಾಯಿ. ರಾಶಿಯ ಧಾರಣೆ ಕ್ವಿಂಟಲ್‌ಗೆ 50,000 ಇದ್ದರೆ ಇದು 6 ಕ್ವಿಂಟಲ್. ಧಾರಣೆ 40,000ಕ್ಕೆ ಇಳಿದರೆ ಏಳೂವರೆ ಕ್ವಿಂಟಲ್. ಬಡ್ಡಿ ಮತ್ತೆ 9.15ಕ್ಕೆ ಏರಿ ಕಂತು 27,282 ಆಗಿ, ಧಾರಣೆ 40,000ದಲ್ಲೇ ಇದ್ದರೆ 8.2 ಕ್ವಿಂಟಲ್. ನಿಮ್ಮ ತೋಟದಿಂದ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಮದ್ದು ಎಲ್ಲ ಕಳೆದು ಎಷ್ಟು ಕ್ವಿಂಟಲ್ ಕೈಯಲ್ಲಿ ಉಳಿಯುತ್ತದೆ ಎನ್ನುವುದು ನಿಮಗೆ ಗೊತ್ತು. ಆ ಕೊನೆಯ 8.2 ಅದರ ಅರ್ಧಕ್ಕಿಂತ ಹೆಚ್ಚಾದರೆ ಸಾಲ ದೊಡ್ಡದಾಯಿತು. ಎಲೆಚುಕ್ಕೆ ರೋಗ ಕಾಣಿಸಿಕೊಂಡ ತೋಟವಾದರೆ ಅರ್ಧವೂ ಹೆಚ್ಚೇ, ಮೂರನೇ ಒಂದು ಪಾಲಿಗೆ ನಿಲ್ಲಿಸಿ.

ಬಡ್ಡಿ ಇಳಿದರೆ ಸಾಲ ಹಗುರವಾಯಿತು ಎನ್ನುವ ನಂಬಿಕೆಯೂ ಅರ್ಧ ಮಾತ್ರ ನಿಜ. 2022ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 6.65, ಹಣದುಬ್ಬರ ಶೇ 7.79. ರೂಪಾಯಿಯ ಬೆಲೆ ಬಡ್ಡಿಗಿಂತ ಬೇಗ ಕರಗುತ್ತಿದ್ದುದರಿಂದ ಸಾಲಗಾರನಿಗೆ ಒಳಗೊಳಗೇ ಲಾಭ. 2025ರ ಅಕ್ಟೋಬರ್‌ನಲ್ಲಿ ರೆಪೊ 5.50, ಸಾಲದ ಬಡ್ಡಿ 8.15, ಹಣದುಬ್ಬರ ಶೇ 0.25. ಬೆಲೆಗಳು ಏರದಿದ್ದಾಗ ಆದಾಯವೂ ನಿಧಾನವಾಗಿ ಏರುತ್ತದೆ, ಕಂತು ಮಾತ್ರ ಅಷ್ಟೇ ಇರುತ್ತದೆ. ಹಣದುಬ್ಬರ ಕಡಿಮೆಯಿರುವ ಕಾಲದಲ್ಲಿ ಮುಂಚಿತವಾಗಿ ಅಸಲು ಕಟ್ಟುವುದಕ್ಕೆ ಹೆಚ್ಚು ಬೆಲೆ ಎಂದು ಹೇಳುವುದು ಇದಕ್ಕೇ. ಅಡಿಕೆಗೆ ಒಳ್ಳೆಯ ಧಾರಣೆ ಇದ್ದೂ ಹಣದುಬ್ಬರ ಕೆಳಗಿದ್ದರೆ, ಆ ವರ್ಷ ಸಾಲ ತೀರಿಸಲು ಸಿಕ್ಕ ಅಪರೂಪದ ಅವಕಾಶ.

ಈ ಸಾಲದ ನಿಜವಾದ ಗುಣವಿರುವುದೂ ಅಲ್ಲೇ. ವ್ಯಕ್ತಿಗಳ ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಮುಂಗಡ ಪಾವತಿಯ ದಂಡ ಇಲ್ಲ. ಸಂಬಳದವರಿಗಿಂತ ಅಡಿಕೆಯವರಿಗೆ ಇದರ ಉಪಯೋಗ ಜಾಸ್ತಿ. ಅವರ ದುಡ್ಡು ಸುಗ್ಗಿ ಮುಗಿದು ಮಾಲು ಮಾರಿದಾಗ ಒಟ್ಟಿಗೆ ಕೈಗೆ ಬರುತ್ತದೆ. ಮೇಲಿನ 30 ಲಕ್ಷದ ಸಾಲಕ್ಕೆ ಪ್ರತಿ ವರ್ಷದ ಕೊನೆಗೆ 1 ಲಕ್ಷ ಹೆಚ್ಚುವರಿ ಕಟ್ಟಿದರೆ, ಬಡ್ಡಿ 7.90ರಲ್ಲೇ ಇದ್ದಲ್ಲಿ, 20 ವರ್ಷದ ಸಾಲ 11 ವರ್ಷ 10 ತಿಂಗಳಿಗೆ ಮುಗಿಯುತ್ತದೆ. ಉಳಿಯುವ ಬಡ್ಡಿ 13 ಲಕ್ಷ ದಾಟುತ್ತದೆ. ಯಾವಾಗ ಕಟ್ಟುತ್ತೀರಿ ಎನ್ನುವುದರ ಮೇಲೂ ಬಹಳ ನಿಂತಿದೆ. ಒಂದೇ ಒಂದು ಸಲ 1 ಲಕ್ಷ ಕಟ್ಟುವುದಾದರೆ, ಮೊದಲ ವರ್ಷದ ಕೊನೆಗೆ ಕಟ್ಟಿದಾಗ 17 ಕಂತು ಕಡಿಮೆಯಾಗುತ್ತವೆ. ಅದೇ ಲಕ್ಷವನ್ನು 15ನೇ ವರ್ಷದ ಕೊನೆಗೆ ಕಟ್ಟಿದರೆ 6 ಕಂತೂ ಪೂರ್ತಿ ಇಳಿಯುವುದಿಲ್ಲ. ಮಗಳ ಮದುವೆ, ಮಗನ ಓದು ಎಂದು ಮೊದಲ ಐದು ವರ್ಷ ಕೈ ಬಿಟ್ಟು, ಕೊನೆಯಲ್ಲಿ ಕಟ್ಟುತ್ತೇವೆ ಎನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಹೆಚ್ಚುವರಿ ದುಡ್ಡು ಕಟ್ಟುವಾಗ ಆಗುವ ತಪ್ಪು ಒಂದೇ, ಆದರೆ ಪದೇ ಪದೇ ಆಗುತ್ತದೆ. ಖಾತೆಗೆ ಲಕ್ಷ ರೂಪಾಯಿ ಹಾಕಿ ಬಂದರೆ ಅದು ಮುಂದಿನ ಕಂತುಗಳ ಮುಂಗಡವಾಗಿ ಕೂತುಬಿಡಬಹುದು, ಅಸಲು ಇಳಿಯದೇ ಹೋಗಬಹುದು. ಶಾಖೆಗೆ ಬರಹದಲ್ಲಿ ಕೊಡಿ: ‘ಇದನ್ನು ಅಸಲಿಗೆ ಜಮಾ ಮಾಡಿ, ಕಂತಿನ ಮೊತ್ತ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ.’ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುಂದಿನ ತ್ರೈಮಾಸಿಕ ವಿವರಪಟ್ಟಿಯಲ್ಲಿ ಉಳಿದ ಕಂತುಗಳ ಸಂಖ್ಯೆ ಇಳಿದಿದೆಯೇ ನೋಡಿ. ಇಲ್ಲಿಯವರೆಗೆ ಕಟ್ಟಿದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತು, ವಾರ್ಷಿಕ ದರ ಇಷ್ಟನ್ನೂ ಪ್ರತಿ ಮೂರು ತಿಂಗಳಿಗೆ ತಿಳಿಸಬೇಕೆಂದು 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ಬಡ್ಡಿ ಏರಿದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಆರಿಸುವ ಹಕ್ಕನ್ನು ಸಾಲಗಾರನಿಗೆ ಕೊಟ್ಟದ್ದೂ ಇದೇ ಸುತ್ತೋಲೆ. ಸುಮ್ಮನಿದ್ದರೆ ಸಾಮಾನ್ಯವಾಗಿ ಅವಧಿ ಎಳೆಯಲಾಗುತ್ತದೆ. ಮೊದಲ ಪ್ಯಾರಾದ 41 ವರ್ಷ ಹುಟ್ಟುವುದು ಹಾಗೆಯೇ.

ಬಡ್ಡಿ ಇಳಿಯುವಾಗಲೂ ಇಂಥದೇ ಆಯ್ಕೆ ಇದೆ. ಶೇ 9.15ರಲ್ಲಿ 27,282 ಕಟ್ಟುತ್ತಿದ್ದವರು ಶೇ 7.90 ಆದಾಗ ಕಂತನ್ನು 24,907ಕ್ಕೆ ಇಳಿಸಿಕೊಂಡರೆ ತಿಂಗಳಿಗೆ 2,375 ರೂಪಾಯಿ ಉಳಿಯುತ್ತದೆ. ಕಂತು ಇಳಿಸದೆ ಹಾಗೇ ಕಟ್ಟಿದರೆ 240 ಕಂತಿನ ಸಾಲ 196 ಕಂತಿಗೆ ತೀರುತ್ತದೆ. ಒಟ್ಟು ಉಳಿತಾಯ ಸುಮಾರು 6 ಲಕ್ಷ 26 ಸಾವಿರ. ಕಟ್ಟಲು ಶಕ್ತಿ ಇದ್ದವರು ಎರಡನೆಯದನ್ನೇ ಮಾಡಬೇಕು.

ಸ್ಪ್ರೆಡ್ ಬಗ್ಗೆ ಬ್ಯಾಂಕಿನವರು ಹೆಚ್ಚು ಮಾತಾಡುವುದಿಲ್ಲ, ನೀವು ಕೇಳಲೇಬೇಕು. ರೆಪೊ ಎಲ್ಲರಿಗೂ ಒಂದೇ, ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗುವುದು ಸ್ಪ್ರೆಡ್‌ನಲ್ಲಿ. ಅಪಾಯದ ಪಾಲನ್ನು ಬ್ಯಾಂಕು ಸಾಲಗಾರನ ಸಾಲಯೋಗ್ಯತೆ ಗಣನೀಯವಾಗಿ ಬದಲಾದಾಗ ಮಾತ್ರ ಬದಲಿಸಬಹುದು. ಕಂತು ತಪ್ಪಿ ಸಿಬಿಲ್ ಅಂಕ (ಸಾಲ ತೀರಿಸಿದ ಇತಿಹಾಸಕ್ಕೆ ಕೊಡುವ ಅಂಕ) ಇಳಿದರೆ ಅದು ಏರಬಹುದು. ರೆಪೊ ಇಳಿಯುವ ಕಾಲದಲ್ಲಿ ಬ್ಯಾಂಕಿನ ಲಾಭಾಂಶ ಕುಗ್ಗುತ್ತದೆ, ಏಕೆಂದರೆ ಸಾಲದ ಬಡ್ಡಿ ತಕ್ಷಣ ಇಳಿಯುತ್ತದೆ, ಠೇವಣಿಯದು ಇಳಿಯುವುದಿಲ್ಲ. ಅದನ್ನು ತುಂಬಿಕೊಳ್ಳಲು ಹೊಸ ಸಾಲಗಾರರ ಸ್ಪ್ರೆಡ್ ಏರಿಸುವುದುಂಟು. 2025ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಾಲ್ಕು ಕಂತಿನಲ್ಲಿ ರಿಸರ್ವ್ ಬ್ಯಾಂಕ್ ನಗದು ಮೀಸಲು ಅನುಪಾತವನ್ನು (ಬ್ಯಾಂಕುಗಳು ಠೇವಣಿಯಲ್ಲಿ ತನ್ನ ಬಳಿ ಇಡಲೇಬೇಕಾದ ಪಾಲನ್ನು) ಶೇ 4ರಿಂದ 3ಕ್ಕೆ ಇಳಿಸಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಬಿಟ್ಟದ್ದರ ಹಿಂದೆ ಈ ಯೋಚನೆಯೂ ಇದೆ: ಬಡ್ಡಿ ಬಾರದೆ ಕೂತಿದ್ದ ಹಣ ಸಾಲಕ್ಕೆ ಸಿಕ್ಕರೆ ದರ ಇಳಿಕೆಯನ್ನು ಗ್ರಾಹಕರಿಗೆ ದಾಟಿಸುವುದು ಬ್ಯಾಂಕಿಗೆ ಸುಲಭ. ಹಳೆಯ ಎಂಸಿಎಲ್‌ಆರ್ ಸಾಲದಲ್ಲೇ ಉಳಿದವರು ರೆಪೊಗೆ ಬದಲಿಸಿಕೊಳ್ಳಲು ಅರ್ಜಿ ಕೊಡಬಹುದು. ಕೊಡುವ ಮೊದಲು ಬದಲಾವಣೆಯ ಶುಲ್ಕ ಎಷ್ಟು, ಹೊಸ ಸ್ಪ್ರೆಡ್ ಎಷ್ಟು ಎಂದು ಬರಹದಲ್ಲಿ ಕೇಳಿ.

ಓವರ್‌ಡ್ರಾಫ್ಟ್ ಮಾದರಿಯ ಮನೆಸಾಲವನ್ನು ಅಡಿಕೆಯವರಿಗೆ ತುಂಬ ಶಿಫಾರಸು ಮಾಡುತ್ತಾರೆ. ಸುಗ್ಗಿಯ ದುಡ್ಡು ಅದರಲ್ಲಿಟ್ಟರೆ ಅಷ್ಟಕ್ಕೆ ಬಡ್ಡಿ ಇಲ್ಲ, ಜೂನ್‌ನಲ್ಲಿ ಮದ್ದು ಹೊಡೆಸಲು ಬೇಕಾದಾಗ ತೆಗೆಯಬಹುದು ಎಂದು. ಯೋಚನೆ ಸರಿ, ಲೆಕ್ಕ ಮಾಡಿ ಒಪ್ಪಿಕೊಳ್ಳಿ. ಇಂಥ ಸಾಲಕ್ಕೆ ಬಡ್ಡಿ ಕಾಲು ಶೇಕಡಾ ಹೆಚ್ಚು ಎಂದಿಟ್ಟುಕೊಳ್ಳಿ, 30 ಲಕ್ಷಕ್ಕೆ ವರ್ಷಕ್ಕೆ 7,500 ರೂಪಾಯಿ. 3 ಲಕ್ಷವನ್ನು ಐದು ತಿಂಗಳು ಇಟ್ಟರೆ ಶೇ 8.15ರಂತೆ ಉಳಿಯುವ ಬಡ್ಡಿ 10,187. ಅದೇ ಹಣಕ್ಕೆ ಉಳಿತಾಯ ಖಾತೆಯಲ್ಲಿ ಶೇ 2.5ರಂತೆ 3,125 ಸಿಗುತ್ತಿತ್ತು. ನಿವ್ವಳ ಲಾಭ 7,062. ಅಂದರೆ 3 ಲಕ್ಷಕ್ಕೆ ಇದು ಗಿಟ್ಟುವುದಿಲ್ಲ. 5–6 ಲಕ್ಷ ಐದಾರು ತಿಂಗಳು ನಿಲ್ಲುವ ಮನೆಗೆ ಮಾತ್ರ ಒಳ್ಳೆಯದು.

ದುಡ್ಡು ಬಂದಾಗ ಯಾವ ಸಾಲ ಮೊದಲು? ಮಂಡಿಯ (ಅಡಿಕೆ ವರ್ತಕರ) ಮುಂಗಡಕ್ಕೆ ಬಡ್ಡಿ ಹೆಚ್ಚಿದ್ದರೆ ಅದು ಮೊದಲು. ಅದನ್ನು ಉಳಿಸಿಕೊಂಡರೆ ಮಾಲನ್ನು ಬೇಕಾದ ಕಡೆ, ಬೇಕಾದ ದಿನ ಮಾರುವ ಸ್ವಾತಂತ್ರ್ಯವೂ ಹೋಗುತ್ತದೆ. ಆಮೇಲೆ ಸೊಸೈಟಿಯ ಬೆಳೆಸಾಲ. ರಾಜ್ಯ ಸರ್ಕಾರ 2023ರಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3ರಿಂದ 5 ಲಕ್ಷಕ್ಕೆ ಏರಿಸಿತು. ಇದರ ಬಡ್ಡಿಯನ್ನು ಸರ್ಕಾರ ತನ್ನ ಬಜೆಟ್ಟಿನಿಂದ ತುಂಬುವುದರಿಂದ ರೆಪೊ ಏರಿದರೂ ನಿಮಗೆ ತಟ್ಟುವುದಿಲ್ಲ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಶೂನ್ಯ. ಗಡುವು ತಪ್ಪಿದರೆ ರಿಯಾಯಿತಿ ಕೈಬಿಡುತ್ತದೆ. ಇಂಥ ಸಾಲವನ್ನು ಅವಧಿಗೆ ಮುನ್ನ ತೀರಿಸುವ ಅವಸರ ಬೇಡ, ಗಡುವಿನ ದಿನಕ್ಕೆ ಹಣ ತೆಗೆದಿಡಿ. ಉಳಿದದ್ದು ಮನೆಸಾಲದ ಅಸಲಿಗೆ.

ಆದಾಯ ತೆರಿಗೆಯ ಲಾಭ ಎಂದು ಸಾಲ ದೊಡ್ಡದು ಮಾಡಿಕೊಳ್ಳಬೇಡಿ. ಬರೀ ಕೃಷಿ ಆದಾಯದವರಿಗೆ ತೆರಿಗೆಯೇ ಇಲ್ಲ. ಸಂಬಳದವರಿಗೆ ವಾಸದ ಮನೆಯ ಬಡ್ಡಿಗೆ 2 ಲಕ್ಷದ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ.

ಈ ಸಾಲ ಸಿಗದೆ ಹೋಗುವುದು ಹೆಚ್ಚಾಗಿ ಕಾಗದದಲ್ಲಿ. ಪಂಚಾಯಿತಿ ವ್ಯಾಪ್ತಿಯ ಜಾಗಕ್ಕೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ನಮೂನೆ 9 ಮತ್ತು 11ಎ ಬೇಕು. ಸಕ್ರಮವಾಗದ ಆಸ್ತಿಗೆ ಕೊಡುವ 11ಬಿ ಮಾತ್ರ ಇದ್ದರೆ ಹೆಚ್ಚಿನ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಬಗರ್‌ಹುಕುಂ ಜಮೀನು, ಹಕ್ಕುಪತ್ರ ಇನ್ನೂ ಗೊಂದಲದಲ್ಲಿರುವ ಶರಾವತಿ ಜಲವಿದ್ಯುತ್ ಯೋಜನೆಯ ಸಂತ್ರಸ್ತರ ಜಾಗಗಳಿಗೆ ಈ ಸಾಲದ ಬಾಗಿಲೇ ತೆರೆಯುವುದಿಲ್ಲ. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರಿಗೆ, ಮನೆ ಕಟ್ಟಲು ಕಡಿಮೆ ಬಡ್ಡಿಯ ಸಾಲ ಸಿಗದಿರುವುದು ನೋವಿನ ಸಂಗತಿ; ರೆಪೊ ಎಷ್ಟು ಇಳಿದರೂ ಅವರಿಗೆ ಒಂದು ಪೈಸೆಯ ಪ್ರಯೋಜನವಿಲ್ಲ. ಇನ್ನು ಆದಾಯದ ಪುರಾವೆ: ಬಿಲ್ ಇಲ್ಲದೆ ಮಾರಿದ ಅಡಿಕೆ ಬ್ಯಾಂಕಿನ ಕಣ್ಣಿಗೆ ಬೆಳೆಯದ ಅಡಿಕೆ. ಸಹಕಾರ ಸಂಘದಲ್ಲೋ ಮಂಡಿಯಲ್ಲೋ ಮಾರಿದ ಮೂರು ವರ್ಷದ ಬಿಲ್ಲು, ಪಹಣಿ, ತಹಶೀಲ್ದಾರರ ಆದಾಯ ಪತ್ರ ಜೊತೆಗಿಟ್ಟುಕೊಳ್ಳಿ. ಸಾಲ 30 ಲಕ್ಷದೊಳಗಿದ್ದರೆ ಮನೆಯ ಬೆಲೆಯ ಶೇ 90ರವರೆಗೆ, ಅದನ್ನು ದಾಟಿ 75 ಲಕ್ಷದವರೆಗಾದರೆ ಶೇ 80ರವರೆಗೆ ಮಾತ್ರ ಕೊಡಬಹುದು ಎನ್ನುವ ಮಿತಿಯಿದೆ. 31 ಲಕ್ಷ ಕೇಳುವ ಮೊದಲು ಇದು ನೆನಪಿರಲಿ.

ಸ್ಥಿರ ಬಡ್ಡಿ ಬೇಕೇ ಎಂದು ಕೇಳುವವರಿಗೆ: ತೋಟದ ಆದಾಯ ಒಂದನ್ನೇ ನಂಬಿ, ಕಂತು ಮೂರು ಸಾವಿರ ಏರಿದರೂ ತಡೆಯಲಾಗದ ಮನೆಯಾದರೆ ಅದನ್ನು ವಿಚಾರಿಸಿ. ಆದರೆ ಸ್ಥಿರ ದರ ಸಾಮಾನ್ಯವಾಗಿ ಹೆಚ್ಚಿರುತ್ತದೆ, ‘ಇಷ್ಟು ವರ್ಷದ ನಂತರ ಪರಿಷ್ಕರಣೆ’ ಎನ್ನುವ ಷರತ್ತು ಒಳಗೆ ಇರಬಹುದು, ಮುಂಚೆ ಕಟ್ಟಿದರೆ ಶುಲ್ಕವೂ ಇರಬಹುದು. ಸುಗ್ಗಿಯ ದುಡ್ಡು ಕಟ್ಟುವ ಸ್ವಾತಂತ್ರ್ಯ ಕಳೆದುಕೊಂಡರೆ ಮಲೆನಾಡಿನವರಿಗೆ ಈ ಸಾಲದ ಮುಖ್ಯ ಅನುಕೂಲವೇ ಹೋದಂತೆ. ಬದಲಿಗೆ ಸಾಲ ಸಣ್ಣದು ಮಾಡಿ, ಆರು ಕಂತಿನಷ್ಟು ಹಣವನ್ನು ಬೇರೆ ಠೇವಣಿಯಲ್ಲಿ ಇಟ್ಟುಕೊಳ್ಳುವುದು ಲೇಸು.

ಸಾಲ ತೀರಿದ ದಿನದಿಂದ 30 ದಿನದೊಳಗೆ ಮೂಲ ಪತ್ರಗಳನ್ನು ಬ್ಯಾಂಕು ಹಿಂತಿರುಗಿಸಬೇಕು. ತನ್ನದೇ ಕಾರಣಕ್ಕೆ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಪತ್ರಗಳನ್ನು ಸಾಲ ಕೊಟ್ಟ ದಿನದ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ಬಿಡುಗಡೆಯನ್ನು ನೋಂದಾಯಿಸಿ ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಸಾಲಕ್ಕೆ ಜಮೀನನ್ನೂ ಆಧಾರ ಕೊಟ್ಟಿದ್ದರೆ ಪಹಣಿಯ 11ನೇ ಕಾಲಂನಿಂದ ಬ್ಯಾಂಕಿನ ಋಣ ಹೋಗಿದೆಯೇ ನೋಡಿ. ಅದು ಉಳಿದಿದ್ದರೆ ಮುಂದಿನ ವರ್ಷದ ಬೆಳೆಸಾಲ ಸೊಸೈಟಿಯಲ್ಲಿ ತಡೆಯಾಗುತ್ತದೆ.